ತಾನಾಗಿ ತೆರೆಯುವ ಗೇಟು: ಸರ್ ಎಂ. ವಿಶ್ವೇಶ್ವರಯ್ಯನವರ ಬದುಕಿನಿಂದ ಒಂದು ಪಾಠ

ಪೀಠಿಕೆ

ಬೋಧನಾಭ್ಯಾಸದ ಅವಧಿಯಲ್ಲಿ ರಾಮಥಾಳ ಭಾಗದ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೇ ತರಗತಿಗೆ ಆರ್ಕಿಮಿಡೀಸನ ತತ್ವ ಪಾಠ ಮಾಡುವ ಅವಕಾಶ ನನಗೆ ಸಿಕ್ಕಿತ್ತು. ಹುನಗುಂದ ಸೀಮೆಯ ಈ ಊರಿನ ಹೆಸರು ಈಗ ನೀರಾವರಿ ಓದುವವರಿಗೆಲ್ಲ ಗೊತ್ತು. ನಾರಾಯಣಪುರ ಜಲಾಶಯದ ಹಿನ್ನೀರನ್ನು ಮೇಲೆತ್ತಿ, ಸೋಸಿ, ನೆಲದೊಳಗಿನ ಪೈಪುಗಳ ಮೂಲಕ ಸುಮಾರು 24,000 ಹೆಕ್ಟೇರ್ ಹೊಲಗಳಿಗೆ ಹನಿ ನೀರು ಕೊಡಲು ರೂಪಿಸಿದ ಯೋಜನೆ ಇಲ್ಲಿಯದು. ವಾಲ್ವುಗಳು ಸ್ವಯಂಚಾಲಿತವಾಗಿ ತೆರೆದು ಮುಚ್ಚುವಂತೆ ಅದನ್ನು ಯೋಜಿಸಲಾಗಿದೆ. ಮಕ್ಕಳಿಗೆ ಪರಿಚಿತವಾದ ಉದಾಹರಣೆಯಿಂದ ಶುರು ಮಾಡಬೇಕೆಂದು ನಾನು ಸ್ವಯಂಚಾಲಿತ ಸಾಧನಗಳ ಮಾತು ತೆಗೆದೆ. ಯಾರ ಯಾರ ಮನೆಯಲ್ಲಿ ತಾನಾಗಿ ಕೆಲಸ ಮಾಡುವ ಯಂತ್ರವಿದೆ ಎಂದು ಕೇಳಿದೆ.

ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಅವರ ಬೋರಿಗೆ ಆಟೋ ಸ್ಟಾರ್ಟರ್ ಇತ್ತಂತೆ. ಥ್ರೀ ಫೇಸ್ ಕರೆಂಟ್ ರಾತ್ರಿ ಬಂದಾಗ ಮೋಟರ್ ತಾನಾಗಿ ಚಾಲೂ ಆಗುತ್ತಿತ್ತು. ಬೇಸಿಗೆಯ ಒಂದು ರಾತ್ರಿ ಬೋರಿನಲ್ಲಿ ನೀರು ತಳ ಕಂಡಿದ್ದರೂ ಮೋಟರ್ ಓಡುತ್ತಲೇ ಇತ್ತು. ಬೆಳಿಗ್ಗೆ ನೋಡಿದರೆ ಸುಟ್ಟು ಹೋಗಿತ್ತು. ಮೇಲೆತ್ತಿಸಿ, ರಿವೈಂಡಿಂಗ್ ಮಾಡಿಸುವ ಹೊತ್ತಿಗೆ ಮೆಣಸಿನಕಾಯಿ ಗಿಡ ಬಾಡಿದ್ದವು. ಅಂದಿನಿಂದ ಅವನ ಅಪ್ಪ ಆ ಸ್ಟಾರ್ಟರ್ ತೆಗೆಸಿ, ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು ತಾನೇ ಹೊಲಕ್ಕೆ ಹೋಗುತ್ತಾನೆ. ಅವ್ವ ಹುಳಹುಪ್ಪಡಿಗೆ ಅಂಜಿ ಅವನು ತಿರುಗಿ ಬರುವವರೆಗೆ ಮಲಗುವುದಿಲ್ಲ. ಹೀಗೆ ಹೇಳಿದ ಹುಡುಗ ಕೊನೆಗೆ ನನ್ನನ್ನೇ ಕೇಳಿದ: ಟೀಚರ್, ತಪ್ಪು ಮಾಡುವ ಯಂತ್ರವನ್ನು ನಂಬಬೇಕೋ, ಬಿಡಬೇಕೋ?

ನನ್ನ ಪಾಠ ಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ, ಉತ್ತರವೂ ಇರಲಿಲ್ಲ. ಆ ವಾರ ಉತ್ತರ ಹುಡುಕುತ್ತ ಓದಿದಾಗ ಸಿಕ್ಕಿದ್ದು ನಮಗೆಲ್ಲ ಗೊತ್ತಿರುವ ಒಬ್ಬರ ಬದುಕು. ಸೆಪ್ಟೆಂಬರ್ 15ರಂದು ಪ್ರತಿ ಶಾಲೆಯಲ್ಲೂ ವಿಶ್ವೇಶ್ವರಯ್ಯನವರ ಭಾಷಣ ಆಗುತ್ತದೆ. ಮೇಣದಬತ್ತಿಯ ಕಥೆ, ರೈಲಿನ ಕಥೆ ಮಕ್ಕಳಿಗೆ ಬಾಯಿಪಾಠ. ಅವರು ರೂಪಿಸಿದ ಸ್ವಯಂಚಾಲಿತ ಗೇಟಿನ ಕಥೆಯನ್ನು ಮಾತ್ರ ನಾವು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ. ಆ ಹುಡುಗನ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಅವರ ಜೀವನವನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು, ತಾಯಿ ವೆಂಕಟಲಕ್ಷ್ಮಮ್ಮ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಚಿಕ್ಕಬಳ್ಳಾಪುರದಲ್ಲಿ ಮೊದಲ ಓದು, ಆಮೇಲೆ ಬೆಂಗಳೂರು. ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚು ನಿಭಾಯಿಸಿದರು. ಮುಂದೆ ದೇಶದ ದೊಡ್ಡ ಎಂಜಿನಿಯರ್ ಆದವರು ಮೊದಲು ಸಂಪಾದಿಸಿದ್ದು ಪಾಠ ಹೇಳಿ ಎಂಬುದು ನಮ್ಮಂಥ ಪ್ರಶಿಕ್ಷಣಾರ್ಥಿಗಳಿಗೆ ಸಂತೋಷದ ಸಂಗತಿ.

1881ರಲ್ಲಿ ಬಿ.ಎ. ಮುಗಿಯಿತು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದರು. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದಿತು. ಮರುವರ್ಷ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇರಿದರು. ಆಗ ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದಗಳೂ ಅದೇ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿದ್ದವು.

ನೀರಿನ ಕೆಲಸ, ಅಳತೆಯ ಅಭ್ಯಾಸ

ಅವರ ವೃತ್ತಿಯ ಮೊದಲ ವರ್ಷಗಳೆಲ್ಲ ನೀರಿನ ಸುತ್ತಲೇ ಕಳೆದವು. ಖಾನದೇಶದಲ್ಲಿ ಪಾಂಝರಾ ನದಿಯನ್ನು ದಾಟಿಸುವ ಪೈಪು ಸೈಫನ್ ಕೆಲಸವನ್ನು ಮಳೆಗಾಲದ ಅಡ್ಡಿಗಳ ನಡುವೆ ಮುಗಿಸಿದರು. 1894ರ ಹೊತ್ತಿಗೆ ಸಿಂಧ್ ಪ್ರದೇಶದ ಸುಕ್ಕೂರಿಗೆ ಹೋದರು. ಅಲ್ಲಿ ಸಿಂಧೂ ನದಿಯ ನೀರು ಕೆಸರು. ಅದನ್ನು ಸೋಸುವ ದೊಡ್ಡ ವ್ಯವಸ್ಥೆ ಕಟ್ಟಲು ಪುರಸಭೆಗೆ ಹಣದ ಕೊರತೆ. ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ತಾನಾಗಿ ಸೋಸಿ ಬರುವ ನೀರನ್ನು ಊರಿಗೆ ಒದಗಿಸಿದರು. ಸೋಸುವ ಕೆಲಸವನ್ನು ಮರಳಿಗೇ ಬಿಟ್ಟುಕೊಟ್ಟದ್ದು ಇಲ್ಲಿಯ ಜಾಣತನ.

1899ರ ಸುಮಾರಿಗೆ ಪುಣೆ ಭಾಗದ ನೀರಾ ಕಾಲುವೆಯಲ್ಲಿ ಬ್ಲಾಕ್ ಪದ್ಧತಿಯನ್ನು ಮುಂದಿಟ್ಟರು. ಕಾಲುವೆಯ ಮೇಲ್ಭಾಗದ ರೈತರು ಬೇಕಾದಷ್ಟು ನೀರು ಹಾಯಿಸಿ, ಕೆಳಭಾಗದವರಿಗೆ ಸಿಗದ ಪರಿಸ್ಥಿತಿ ಆಗ ಇತ್ತು. ಅತಿಯಾದ ನೀರಿನಿಂದ ನೆಲ ಜವುಳಾಗುತ್ತಿತ್ತು. ಜಮೀನನ್ನು ಬ್ಲಾಕುಗಳಾಗಿ ಹಂಚಿ, ಕಬ್ಬು, ಭತ್ತ, ಒಣಬೆಳೆಗಳನ್ನು ಸರದಿಯಂತೆ ಬೆಳೆದು, ನೀರನ್ನು ಹೆಚ್ಚು ಹಳ್ಳಿಗಳಿಗೆ ತಲುಪಿಸುವುದು ಅವರ ಯೋಜನೆ. ರೈತರು ಮೊದಲು ವಿರೋಧಿಸಿದರು. ತಮ್ಮ ಹೊಲದ ನೀರನ್ನು ಯಾವುದೋ ನಿಯಮ ತೀರ್ಮಾನಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ವಿಶ್ವೇಶ್ವರಯ್ಯನವರು ಅವರೊಂದಿಗೆ ಸಭೆ ನಡೆಸಿ, ಲೆಕ್ಕ ತೋರಿಸಿ ಮನವೊಲಿಸಬೇಕಾಯಿತು. ನಿಯಮವಾಗಲಿ, ಯಂತ್ರವಾಗಲಿ, ಅದನ್ನು ಬಳಸುವವರಿಗೆ ಅದರ ಒಳಗು ತಿಳಿಯದೆ ನಂಬಿಕೆ ಬರುವುದಿಲ್ಲ ಎಂಬುದನ್ನು ಈ ಅನುಭವ ತೋರಿಸುತ್ತದೆ.

ಖಡಕ್‌ವಾಸ್ಲಾದ ಗೇಟುಗಳು

ಪುಣೆ ನಗರಕ್ಕೂ ಮುಠಾ ಕಾಲುವೆಗಳಿಗೂ ನೀರು ಬರುತ್ತಿದ್ದುದು ಖಡಕ್‌ವಾಸ್ಲಾ ಜಲಾಶಯದಿಂದ. ಆಗ ಅದನ್ನು ಫೈಫ್ ಸರೋವರ ಎನ್ನುತ್ತಿದ್ದರು. ಮಳೆಗಾಲದಲ್ಲಿ ಹೆಚ್ಚಾದ ನೀರು ಕೋಡಿಯ ಮೇಲೆ ಹರಿದು ಹೋಗುತ್ತಿತ್ತು, ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಅಣೆಕಟ್ಟನ್ನು ಎತ್ತರಿಸಲು ಬಹಳ ಖರ್ಚು. ಕೋಡಿಯ ಮೇಲೆ ಗೇಟು ನಿಲ್ಲಿಸಿದರೆ ಹೆಚ್ಚು ನೀರು ನಿಲ್ಲುತ್ತದೆ ನಿಜ. ಆದರೆ ನಡುರಾತ್ರಿ ದಿಢೀರನೆ ಪ್ರವಾಹ ಬಂದರೆ ಆ ಗೇಟುಗಳನ್ನು ಸಕಾಲಕ್ಕೆ ತೆರೆಯುವವರು ಯಾರು? ಸುರಿಯುವ ಮಳೆ, ಕತ್ತಲೆ, ನೂಕುವ ನೀರು. ಒಬ್ಬ ಕಾವಲುಗಾರ ನಿದ್ದೆ ಹೋದರೂ, ಅಂಜಿದರೂ, ತಡವಾಗಿ ಬಂದರೂ ಅಣೆಕಟ್ಟಿಗೇ ಅಪಾಯ.

ಈ ಪ್ರಶ್ನೆಗೆ ಅವರು ಕೊಟ್ಟ ಉತ್ತರವೇ ಸ್ವಯಂಚಾಲಿತ ಗೇಟು. ನಿಗದಿತ ಮಟ್ಟದವರೆಗೆ ಗೇಟು ನೀರನ್ನು ತಡೆದು ನಿಲ್ಲಿಸುತ್ತದೆ. ಆ ಮಟ್ಟ ದಾಟಿದೊಡನೆ ನೀರೇ ಗೇಟನ್ನು ತೆರೆಸುತ್ತದೆ. ಪ್ರವಾಹ ಇಳಿದಾಗ ಗೇಟು ತಾನಾಗಿ ಮುಚ್ಚಿಕೊಳ್ಳುತ್ತದೆ. 1903ರಲ್ಲಿ ಈ ಗೇಟುಗಳು ಅಲ್ಲಿ ಕೆಲಸ ಶುರುಮಾಡಿದವು. ಕೋಡಿಯ ಮಟ್ಟಕ್ಕಿಂತ ಸುಮಾರು 8 ಅಡಿ ಹೆಚ್ಚು ನೀರು ನಿಂತು, ಸಂಗ್ರಹ ಸುಮಾರು ಕಾಲುಭಾಗದಷ್ಟು ಏರಿತು. ವಿನ್ಯಾಸಕ್ಕೆ ಪೇಟೆಂಟ್ ಪಡೆದರೂ, ಅದು ನೌಕರಿಯ ಕರ್ತವ್ಯದಲ್ಲಿ ಮಾಡಿದ ಕೆಲಸವೆಂದು ಅವರು ರಾಯಧನ ತೆಗೆದುಕೊಳ್ಳಲಿಲ್ಲ. ಇದೇ ಬಗೆಯ ಗೇಟುಗಳು ಮುಂದೆ ಗ್ವಾಲಿಯರ್‌ನ ತಿಗ್ರಾ ಅಣೆಕಟ್ಟಿಗೂ ಮೈಸೂರಿನ ಕೃಷ್ಣರಾಜಸಾಗರಕ್ಕೂ ಬಂದವು.

ವಿಜ್ಞಾನ ಶಿಕ್ಷಕರಿಗೆ ಇದರ ತತ್ವ ಒಂದು ಒಳ್ಳೆಯ ಬೋಧನೋಪಕರಣ. ಗೇಟನ್ನು ಒಂದು ತಕ್ಕಡಿಯ ತಟ್ಟೆ ಎಂದುಕೊಳ್ಳಿ. ಇನ್ನೊಂದು ತಟ್ಟೆಯ ಬದಲು ಸರಪಳಿಗೆ ಕಟ್ಟಿದ ಭಾರವಾದ ತೂಕ ಒಂದು ಬಾವಿಯೊಳಗೆ ಇದೆ. ಜಲಾಶಯ ನಿಗದಿತ ಮಟ್ಟ ಮುಟ್ಟಿದಾಗ ನೀರು ಕೊಳವೆಯ ಮೂಲಕ ಆ ಬಾವಿಗೆ ಇಳಿಯುತ್ತದೆ. ನೀರಿನಲ್ಲಿ ಮುಳುಗಿದ ತೂಕ, ಆರ್ಕಿಮಿಡೀಸ್ ಹೇಳಿದಂತೆ, ಹಗುರವಾಗುತ್ತದೆ. ತಕ್ಕಡಿ ವಾಲಿ ಗೇಟು ತೆರೆಯುತ್ತದೆ. ಬಾವಿಯ ನೀರು ಬಸಿದು ಹೋದಾಗ ತೂಕ ಮತ್ತೆ ಭಾರವಾಗಿ ಗೇಟು ಮುಚ್ಚುತ್ತದೆ. ಕರೆಂಟ್ ಬೇಡ, ಕಾವಲುಗಾರ ಎಚ್ಚರವಿರಬೇಕೆಂದಿಲ್ಲ.

ಆದರೆ ಇದು ತಪ್ಪೇ ಮಾಡದ ಯಂತ್ರವಲ್ಲ. ಕೊಳವೆಯಲ್ಲಿ ಕಸ ಸಿಕ್ಕಿಕೊಂಡರೆ ಬಾವಿ ತುಂಬುವುದಿಲ್ಲ. ಸರಪಳಿ ತುಕ್ಕು ಹಿಡಿದರೆ ಗೇಟು ಕದಲುವುದಿಲ್ಲ. ಆದ್ದರಿಂದ ಕಾವಲುಗಾರನ ಕೆಲಸ ಹೋಗುವುದಿಲ್ಲ, ಬದಲಾಗುತ್ತದೆ. ಮಳೆಯ ರಾತ್ರಿ ಗೇಟು ಎಳೆಯುವ ಬದಲು, ಬೇಸಿಗೆಯ ಹಗಲಿನಲ್ಲಿ ಕೊಳವೆ ಸ್ವಚ್ಛ ಮಾಡಿ, ಸರಪಳಿ ನೋಡಿ, ಎಣ್ಣೆ ಹಾಕುವುದು ಅವನ ಪಾಲಿಗೆ ಬರುತ್ತದೆ. ಕತ್ತಲಲ್ಲಿ ಅವಸರದಿಂದ ಮಾಡುವ ಕೆಲಸಕ್ಕಿಂತ ಹಗಲಿನಲ್ಲಿ ಸಾವಧಾನವಾಗಿ ಮಾಡುವ ಕೆಲಸದಲ್ಲಿ ಮನುಷ್ಯ ತಪ್ಪುವುದು ಕಡಿಮೆ.

ಗೇಟಿಗೆ ಮೀರಿದ ಪ್ರವಾಹ

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ನಗರವೇ ನಲುಗಿತು. ಮುಂಬಯಿ ಪ್ರಾಂತ್ಯದ ಸೇವೆ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ಕರೆಸಿತು. ಅವರು ಮಳೆಯ ದಾಖಲೆಗಳನ್ನು ಕೂಡಿಸಿ, ನದಿಯ ಜಲಾನಯನ ಪ್ರದೇಶವನ್ನು ಅಧ್ಯಯನ ಮಾಡಿದರು. ವಿಪರೀತ ಮಳೆಯ ಜೊತೆಗೆ ಮೇಲ್ಭಾಗದ ನೂರಾರು ಕೆರೆಗಳು ಒಡೆದದ್ದೂ ಪ್ರವಾಹಕ್ಕೆ ಕಾರಣವೆಂದು ಕಂಡುಬಂದಿತು. ಒಂದು ಕೆರೆ ಒಡೆದ ನೀರು ಕೆಳಗಿನ ಕೆರೆಯನ್ನು ಒಡೆಯುತ್ತ ಬಂದಿತ್ತು. ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ಹಿಡಿದಿಡುವ ಜಲಾಶಯಗಳನ್ನು ಕಟ್ಟಬೇಕೆಂದು ಅವರು ಸಲಹೆ ಕೊಟ್ಟರು. ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳು ಹೀಗೆ ಹುಟ್ಟಿದವು. ಅಳತೆ ಮೀರಿ ಬರುವ ನೀರಿಗೆ ಮೇಲ್ಗಡೆಯೇ ಜಾಗ ಮಾಡಿಡಬೇಕು ಎಂಬುದು ಇಲ್ಲಿಯ ಪಾಠ.

ಮೈಸೂರಿನ ವರ್ಷಗಳು

1909ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದ ಮೇರೆಗೆ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿಯಲ್ಲಿ ಕಾವೇರಿಗೆ ಅಣೆಕಟ್ಟಿನ ಕೆಲಸ ಶುರುವಾಯಿತು. ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ ಕಟ್ಟಿದ ಈ ಅಣೆಕಟ್ಟು ಮದ್ರಾಸ್ ಪ್ರಾಂತ್ಯದೊಂದಿಗಿನ ವಿವಾದ, ಹಣದ ಅಡಚಣೆಗಳನ್ನು ದಾಟಿ, 1930ರ ದಶಕದ ಆರಂಭದಲ್ಲಿ ಪೂರ್ಣವಾಯಿತು. ಮಂಡ್ಯ ಸೀಮೆಯ ಹಸಿರು ಅದರ ಫಲ.

1912ರಿಂದ 1918ರವರೆಗೆ ಅವರು ದಿವಾನರಾಗಿದ್ದರು. ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾನೂನು 1913ರಲ್ಲಿ, ಮೈಸೂರು ವಿಶ್ವವಿದ್ಯಾಲಯ 1916ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ ಬಂದವು. ಬ್ಯಾಂಕು, ಕೃಷಿ ಶಾಲೆ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಗಳ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ನಮ್ಮ ಪ್ರಶ್ನೆಗೆ ಮುಖ್ಯವಾದದ್ದು ಒಂದು: ಯಂತ್ರ ತಂದವರೇ ಶಾಲೆಯನ್ನೂ ತಂದರು. ಗೇಟು ತಾನಾಗಿ ತೆರೆಯಬಹುದು, ಅದನ್ನು ಅರ್ಥಮಾಡಿಕೊಂಡು ರಿಪೇರಿ ಮಾಡುವವರು ತಾನಾಗಿ ಹುಟ್ಟುವುದಿಲ್ಲ.

ಕೊನೆಯ ವರ್ಷಗಳು

ದಿವಾನಗಿರಿ ಬಿಟ್ಟ ಮೇಲೂ ಅವರು ವಿಶ್ರಾಂತಿ ಪಡೆಯಲಿಲ್ಲ. ಒಡಿಶಾದ ಪ್ರವಾಹ ನಿಯಂತ್ರಣದ ಬಗ್ಗೆ ಸಲಹೆ ಕೊಟ್ಟರು. ತೊಂಬತ್ತು ದಾಟಿದ ವಯಸ್ಸಿನಲ್ಲಿ ಬಿಹಾರದ ಮೊಕಾಮಾ ಬಳಿ ಗಂಗಾ ಸೇತುವೆಯ ಜಾಗ ನೋಡಲು ಹೋದರು. 1955ರಲ್ಲಿ ಭಾರತರತ್ನ ಸಂದಿತು.

ಅವರ ಬದುಕಿನ ಕೊನೆಯ ಭಾಗದಲ್ಲಿ ನಡೆದ ಒಂದು ಘಟನೆಯನ್ನು ನಮ್ಮ ಭಾಷಣಗಳು ಬಿಟ್ಟುಬಿಡುತ್ತವೆ. 1961ರ ಜುಲೈ 12ರಂದು ಖಡಕ್‌ವಾಸ್ಲಾದ ಮೇಲ್ಭಾಗದಲ್ಲಿ ಹೊಸದಾಗಿ ಕಟ್ಟುತ್ತಿದ್ದ ಪಾನಶೇತ್ ಅಣೆಕಟ್ಟು ಒಡೆಯಿತು. ಆ ನೀರೆಲ್ಲ ಒಮ್ಮೆಲೇ ಕೆಳಗೆ ನುಗ್ಗಿ ಖಡಕ್‌ವಾಸ್ಲಾ ಅಣೆಕಟ್ಟೂ ಅದೇ ದಿನ ಒಡೆದು, ಪುಣೆ ನಗರ ಮುಳುಗಿತು. ವಿಶ್ವೇಶ್ವರಯ್ಯನವರು ತರುಣರಾಗಿದ್ದಾಗ ಗೇಟು ನಿಲ್ಲಿಸಿದ್ದ ಅಣೆಕಟ್ಟು ಅದು. ಅವರಿಗೆ ಆಗ ನೂರು ತುಂಬಲು ಎರಡು ತಿಂಗಳು ಬಾಕಿ ಇತ್ತು.

ಇದನ್ನು ಓದಿದಾಗ, ಸ್ವಯಂಚಾಲಿತ ಗೇಟು ಸೋತಿತು ಎಂದು ಮಕ್ಕಳಿಗೆ ಹೇಳಬೇಕೇ ಎಂದು ನಾನು ಯೋಚಿಸಿದೆ. ಹಾಗೆ ಹೇಳುವುದು ಸರಿಯಲ್ಲ. ಮಳೆಯಿಂದ ಏರುವ ಮಟ್ಟಕ್ಕೆ ಲೆಕ್ಕ ಹಾಕಿದ ಗೇಟು ಅದು. ಮೇಲಿನ ಅಣೆಕಟ್ಟು ಒಡೆದು ಬರುವ ನೀರು ಆ ಲೆಕ್ಕದಲ್ಲಿ ಇರಲಿಲ್ಲ. ಅಂಥ ನೀರನ್ನು ಕೈಯಿಂದ ತೆರೆಯುವ ಗೇಟೂ ತಡೆಯುತ್ತಿರಲಿಲ್ಲ. ಯಂತ್ರಕ್ಕೆ ಗೊತ್ತಿರುವುದು ಅದಕ್ಕೆ ಹೇಳಿಕೊಟ್ಟ ಒಂದೇ ಒಂದು ಸಂಗತಿ: ತನ್ನ ಕೆರೆಯ ಮಟ್ಟ. ಮೇಲೆ ಏನಾಗುತ್ತಿದೆ ಎಂದು ನೋಡಬೇಕಾದವರು ಮನುಷ್ಯರು.

ವಿಶ್ವೇಶ್ವರಯ್ಯನವರು 1962ರ ಏಪ್ರಿಲ್‌ನಲ್ಲಿ ನೂರು ವರ್ಷ ದಾಟಿ ತೀರಿಕೊಂಡರು. ಮುದ್ದೇನಹಳ್ಳಿಯಲ್ಲಿ ಅವರ ಸ್ಮಾರಕವಿದೆ.

ಹುಡುಗನ ಪ್ರಶ್ನೆಗೆ ಮರಳಿ

ನಮಗೆ ಹತ್ತಿರದ ಇನ್ನೊಂದು ಉದಾಹರಣೆಯೂ ಇದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಅದು ನೀರಿನ ಮಟ್ಟ ನೋಡಿ ತಾನಾಗಿ ತೆರೆಯುವ ಗೇಟಲ್ಲ, ಸಿಬ್ಬಂದಿ ನಡೆಸುವ ಗೇಟು. ಅಂದರೆ ಸ್ವಯಂಚಾಲನೆ ಬೇಡವೆಂದರೂ ಸರಪಳಿ ಹಳತಾಗುವುದು ತಪ್ಪುವುದಿಲ್ಲ. ಹರಿಯುವ ನೀರಿನ ನಡುವೆಯೇ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿ ಉಳಿದ ನೀರನ್ನು ಉಳಿಸಿದ್ದು ಮನುಷ್ಯರ ಅನುಭವ ಮತ್ತು ಧೈರ್ಯ.

ಮುಂದಿನ ವಾರದ ಪಾಠದಲ್ಲಿ ನಾನು ಒಂದು ಬಕೆಟ್, ಪ್ಲಾಸ್ಟಿಕ್ ಬಾಟಲಿ, ದಾರ, ರಾಟೆ ಮತ್ತು ಕಲ್ಲು ಬಳಸಿ ಗೇಟಿನ ಮಾದರಿ ಮಾಡಿಸಿದೆ. ಮೊದಲ ಎರಡು ಸಲ ಗೇಟು ತೆರೆಯಲೇ ಇಲ್ಲ. ದಾರ ರಾಟೆಯಲ್ಲಿ ಸಿಕ್ಕಿಕೊಂಡಿತ್ತು. ಪಾಠ ವೀಕ್ಷಣೆಗೆ ಬಂದಿದ್ದ ಉಪನ್ಯಾಸಕರ ಎದುರು ನನಗೆ ಮುಜುಗರವಾಯಿತು. ಮಕ್ಕಳಿಗೆ ಆಗಲಿಲ್ಲ. ಅವರು ದಾರ ಬಿಡಿಸಿ, ಕಲ್ಲಿನ ತೂಕ ಕಡಿಮೆ ಮಾಡಿ, ಮೂರನೇ ಸಲ ಗೇಟು ತೆರೆಸಿದರು. ಮಾದರಿ ಕೆಡುತ್ತದೆ ಎಂಬ ಭಯದಿಂದ ಪ್ರಯೋಗವನ್ನೇ ಬಿಡುವುದಕ್ಕಿಂತ, ಕೆಟ್ಟದ್ದು ಎಲ್ಲಿ ಎಂದು ಮಕ್ಕಳಿಂದಲೇ ಹುಡುಕಿಸುವುದು ಒಳ್ಳೆಯ ಬೋಧನೆ ಎಂದು ಆ ದಿನ ಅರ್ಥವಾಯಿತು.

ಆಮೇಲೆ ಬೋರಿನ ಮಾತಿಗೆ ಬಂದೆವು. ಆ ಸ್ಟಾರ್ಟರ್‌ಗೆ ಏನು ಗೊತ್ತಿತ್ತು ಎಂದು ಮಕ್ಕಳನ್ನು ಕೇಳಿದೆ. ಕರೆಂಟ್ ಬಂದದ್ದು ಗೊತ್ತಿತ್ತು ಎಂದರು. ಏನು ಗೊತ್ತಿರಲಿಲ್ಲ? ಬೋರಿನಲ್ಲಿ ನೀರಿಲ್ಲದ್ದು. ಆಗ ಒಬ್ಬ ಹುಡುಗಿ, ನೀರು ನಿಂತರೆ ಮೋಟರ್ ಬಂದ್ ಮಾಡುವ ಡ್ರೈ ರನ್ ಪ್ರಿವೆಂಟರ್ ತಮ್ಮ ಹೊಲದಲ್ಲಿದೆ ಎಂದಳು. ಅದೂ ಕೆಡಬಹುದಲ್ಲ ಎಂದು ಇನ್ನೊಬ್ಬ ಕೇಳಿದ. ಕೆಡಬಹುದು, ಅದಕ್ಕೇ ಹಗಲಿನಲ್ಲಿ ಪರೀಕ್ಷೆ ಮಾಡಿ ನೋಡಬೇಕು ಎಂದು ತರಗತಿಯೇ ತೀರ್ಮಾನಿಸಿತು.

ನಾನು ಆ ಹುಡುಗನಿಗೆ ನಂಬು ಎಂದೂ ಹೇಳಲಿಲ್ಲ, ಬಿಡು ಎಂದೂ ಹೇಳಲಿಲ್ಲ. ವಿಶ್ವೇಶ್ವರಯ್ಯನವರ ರೀತಿಯಲ್ಲಿ ಮೊದಲು ಅಳೆಯಲು ಹೇಳಿದೆ. ಬೋರು ಒಂದೇ ಸಮನೆ ಎಷ್ಟು ಹೊತ್ತು ನೀರು ಕೊಡುತ್ತದೆ, ಬಿಟ್ಟ ಮೇಲೆ ಎಷ್ಟು ಹೊತ್ತಿಗೆ ಮತ್ತೆ ನೀರು ಬರುತ್ತದೆ ಎಂಬುದನ್ನು ಅಪ್ಪನ ಜೊತೆ ನಿಂತು ಬರೆದಿಡಬೇಕು. ಆ ಲೆಕ್ಕ ಕೈಯಲ್ಲಿದ್ದರೆ ಯಂತ್ರಕ್ಕೆ ಎಷ್ಟು ಕೆಲಸ ಒಪ್ಪಿಸಬಹುದು, ಯಾವುದನ್ನು ತಾವೇ ನೋಡಬೇಕು ಎಂಬುದನ್ನು ಅವನ ಅಪ್ಪನೇ ತೀರ್ಮಾನಿಸಬಲ್ಲ.

ಬೋಧನಾಭ್ಯಾಸ ಮುಗಿಯುವ ಹಿಂದಿನ ದಿನ ಅವನು ಹಳೆಯ ನೋಟ್‌ಬುಕ್ ತಂದು ತೋರಿಸಿದ. ತಾರೀಖು, ಚಾಲೂ ಮಾಡಿದ ಹೊತ್ತು, ನೀರು ಸಣ್ಣಗಾದ ಹೊತ್ತು ಎಂದು ಮೂರು ಕಾಲಂ ಎಳೆದಿದ್ದ. ಹನ್ನೊಂದು ದಿನಗಳ ಲೆಕ್ಕ ಇತ್ತು. ಕೆಲವು ಸಾಲು ಅವನ ಅಕ್ಷರದಲ್ಲಿ, ಕೆಲವು ಅವನ ಅಪ್ಪನ ಅಕ್ಷರದಲ್ಲಿ. ಸ್ಟಾರ್ಟರ್ ಮತ್ತೆ ಹಾಕಿಸುವ ಬಗ್ಗೆ ಇನ್ನೂ ತೀರ್ಮಾನ ಆಗಿರಲಿಲ್ಲ. ಆದರೆ ಈ ಸಲ ಹಾಕಿಸುವುದಾದರೆ ಅದಕ್ಕೆ ಏನು ಗೊತ್ತಿರಬೇಕು ಎಂದು ಅಂಗಡಿಯಲ್ಲಿ ಕೇಳುವುದು ಅಪ್ಪನಿಗೆ ಗೊತ್ತಿದೆ ಎಂದು ಅವನು ಹೇಳಿದ.